ಮಾತಾಡದವರ ಒಪ್ಪಿಗೆ

ಮಾತಿಲ್ಲ, ಊಟವಿಲ್ಲ, ಯಾರೋ ಎತ್ತಿಟ್ಟ ಕೈ ಎತ್ತಿದಲ್ಲೇ ನಿಂತಿರುತ್ತದೆ. ವೈದ್ಯರು ಕ್ಯಾಟಟೋನಿಯಾ ಎನ್ನುವ ಈ ಸ್ಥಿತಿಯನ್ನು ಗಾಳಿ ಸೋಕಿದ್ದೆಂದೋ ಬರಿ ಹಟವೆಂದೋ ತಿಳಿದು ದಿನ ತಳ್ಳುವ ಮನೆಗಳುಂಟು. ಕೊಡಗಿನಲ್ಲಿ ಹೀಗಾದರೆ ಮೊದಲು ಮಡಿಕೇರಿ, ಆಮೇಲೆ ಮೈಸೂರು, ಅದೂ ಸಾಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ರೈಲಿಲ್ಲದ ಜಿಲ್ಲೆ, ಕಕ್ಕಡ ತಿಂಗಳ ಮಳೆಯಲ್ಲಂತೂ ಘಾಟಿ ಇಳಿಯುವುದೇ ಒಂದು ಸಾಹಸ. ಅಲ್ಲಿ ಮುಟ್ಟಿ ಡಾಕ್ಟರ ಬಾಯಲ್ಲಿ 'ಇಸಿಟಿ' ಎಂದು ಕೇಳಿದರೆ ಮನೆಯವರಿಗೆ ಅರ್ಥವಾಗುವುದು ಒಂದೇ: ಕರೆಂಟ್ ಶಾಕ್.

ಆ ಭಯಕ್ಕೆ ಕಾರಣವಿದೆ. ಅರಿವಳಿಕೆಯಿಲ್ಲದೆ, ನಾಲ್ಕು ಜನ ಅದುಮಿ ಹಿಡಿದು ಕೊಡುತ್ತಿದ್ದ ಕಾಲವಿತ್ತು. ಮೂಳೆ ಮುರಿದದ್ದೂ ಉಂಟು. ಈಗ ರೋಗಿಯನ್ನು ಖಾಲಿ ಹೊಟ್ಟೆಯಲ್ಲಿ ಇರಿಸಿ, ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಚುಚ್ಚುಮದ್ದು ಹಾಕುತ್ತಾರೆ. ವಿದ್ಯುತ್ ಹರಿಯುವುದು ಕೆಲವೇ ಸೆಕೆಂಡು, ಮಿದುಳಿನ ಸೆಳೆತ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ವಾರಕ್ಕೆ ಎರಡು ಮೂರರಂತೆ ಆರರಿಂದ ಹನ್ನೆರಡು ಸಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅರಿವಳಿಕೆಯಿಲ್ಲದ ಇಸಿಟಿಯನ್ನು ನಿಷೇಧಿಸಿದೆ.

ಈ ಚಿಕಿತ್ಸೆಯ ಹುಟ್ಟಿಗೂ ಕ್ಯಾಟಟೋನಿಯಾಕ್ಕೂ ನಂಟಿದೆ. 1934ರಲ್ಲಿ ಹಂಗೆರಿಯ ವೈದ್ಯ ಮೆಡುನಾ ಕರ್ಪೂರದ ಚುಚ್ಚುಮದ್ದಿನಿಂದ ಸೆಳೆತ ಬರಿಸಿದ ಮೊದಲ ರೋಗಿ, ವರ್ಷಗಟ್ಟಲೆ ಕ್ಯಾಟಟೋನಿಯಾದಲ್ಲಿದ್ದವನು. 1938ರಲ್ಲಿ ರೋಮ್‌ನಲ್ಲಿ ಸೆರ್ಲೆಟ್ಟಿ ಮತ್ತು ಬಿನಿ ಅದಕ್ಕೆ ವಿದ್ಯುತ್ ಬಳಸಿದರು. ಇಂದು ಕ್ಯಾಟಟೋನಿಯಾಕ್ಕೆ ಮೊದಲು ಕೊಡುವುದು ಲೊರಾಜೆಪಾಮ್ ಎಂಬ ಔಷಧಿ. ಬಹಳಷ್ಟು ಜನ ಅದರಲ್ಲೇ ಚೇತರಿಸಿಕೊಳ್ಳುತ್ತಾರೆ. ಚೇತರಿಸಿಕೊಳ್ಳದವರಿಗೆ, ಅದರಲ್ಲೂ ಜ್ವರವೇರಿ ರಕ್ತದೊತ್ತಡ ಅಂಕೆ ತಪ್ಪಿದವರಿಗೆ, ಇಸಿಟಿಯಷ್ಟು ಬಲವಾದ ಮದ್ದು ಬೇರೆ ಇಲ್ಲವೆಂದು ಮನೋವೈದ್ಯರಲ್ಲಿ ಹೆಚ್ಚಿನವರು ಹೇಳುತ್ತಾರೆ. ಅಲುಗಾಡದೆ ಮಲಗಿದ ದೇಹದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಬಹುದು, ನೀರಿಲ್ಲದೆ ಮೂತ್ರಪಿಂಡ ಸೋಲಬಹುದು. ಕಾಯುವುದರಲ್ಲೂ ಅಪಾಯವಿದೆ; ಶಾಕ್ ಬೇಡ ಎನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ಇಸಿಟಿಯಿಂದ ಸಾವು ಲಕ್ಷ ಸಲಕ್ಕೆ ಸುಮಾರು ಎರಡು.

ಆದರೆ ಪುರಾವೆ ಎಷ್ಟು ಗಟ್ಟಿ? ಹೆಚ್ಚಿನದು ವೈದ್ಯರ ಅನುಭವ, ರೋಗಿಗಳ ದಾಖಲೆ. ಔಷಧಿಗೂ ಇಸಿಟಿಗೂ ಹೋಲಿಕೆ ಮಾಡಿದ ಪ್ರಯೋಗಗಳು ಬೆರಳೆಣಿಕೆಯವು. 2003ರಲ್ಲಿ ಭಾರತದಲ್ಲೇ ಪ್ರಕಟವಾದ ಒಂದರಲ್ಲಿ, ಲೊರಾಜೆಪಾಮ್‌ಗೆ ಬಗ್ಗದವರಿಗೆ ಇಸಿಟಿಯೇ ಮೇಲೆನಿಸಿತು, ನಿಜ. ಆದರೆ ಅದರಲ್ಲಿದ್ದ ರೋಗಿಗಳು 14 ಮಂದಿ. ನೆನಪಿನ ವಿಷಯವನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಗೊಂದಲ, ತಲೆನೋವು ಬೇಗ ಹೋಗುತ್ತವೆ. ಚಿಕಿತ್ಸೆಯ ಹಿಂದುಮುಂದಿನ ತಿಂಗಳುಗಳ ನೆನಪು ಕೆಲವರಿಗೆ ಮರಳಿ ಬರುವುದೇ ಇಲ್ಲ. ಪುಣೆಯಲ್ಲಿ ಬಾಪು ಟ್ರಸ್ಟ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಕಟ್ಟಿದ ಭಾರ್ಗವಿ ದಾವರ್ ಇಂಥ ಚಿಕಿತ್ಸೆಯನ್ನೇ ಪ್ರಶ್ನಿಸಿದವರು. ಅವರ ಎಲ್ಲ ತೀರ್ಮಾನ ನನಗೆ ಒಪ್ಪಿಗೆಯಿಲ್ಲ, ಆದರೆ ಒಪ್ಪಿಗೆ ಯಾರದ್ದು ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ.

ಏಕೆಂದರೆ ಕ್ಯಾಟಟೋನಿಯಾದಲ್ಲಿ ರೋಗಿ ಬೇಡವೆನ್ನಲೂ ಆರ. ತುರ್ತು ಚಿಕಿತ್ಸೆಯ ಹೆಸರಿನಲ್ಲಿ ಇಸಿಟಿ ಕೊಡುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಹದಿನೆಂಟು ತುಂಬದವರಿಗಾದರೆ ಪೋಷಕರ ಒಪ್ಪಿಗೆಯ ಜೊತೆಗೆ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಪೂರ್ವಾನುಮತಿಯೂ ಬೇಕು. ಕೈಮೀರುತ್ತಿರುವ ರೋಗಿಯ ಪಕ್ಕದಲ್ಲಿ ನಿಂತ ವೈದ್ಯರಿಗೆ ಇದು ಕೈಕಟ್ಟಿದಂತಾಗುತ್ತದೆ. ದೊಡ್ಡವರ ವಿಷಯದಲ್ಲಿ, ರೋಗಿ ತಾನೇ ಹೇಳಲಾಗದಾಗ ನಾಮನಿರ್ದೇಶಿತ ಪ್ರತಿನಿಧಿಯ ಮಾತು ನಡೆಯುತ್ತದೆ. ಒಕ್ಕದ, ಅಂದರೆ ಮನೆತನದ, ಹಿರಿಯರ ಮಾತಿಗೆ ತಲೆಬಾಗುವ ಕೊಡವ ಮನೆಯಲ್ಲಿ, ಆ ಪ್ರತಿನಿಧಿ ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರೇ ಆಗಬೇಕಿಲ್ಲ, ರೋಗಿ ನಂಬುವ ತಂಗಿಯೂ ಆಗಬಹುದು ಎನ್ನುವುದು ಸಣ್ಣ ಬದಲಾವಣೆಯಲ್ಲ.

ನನಗೆ ಸರಿಕಾಣುವ ದಾರಿ ಹೀಗೆ: ಲೊರಾಜೆಪಾಮ್ ಕೊಟ್ಟ ಮೇಲೆ ಕೆಲವರು ಒಂದೆರಡು ಗಂಟೆ ಮಾತಾಡುತ್ತಾರೆ. ಕೇಳಬೇಕಾದದ್ದನ್ನು ಆಗಲೇ ಕೇಳಬೇಕು. ಒಮ್ಮೆ ಈ ಕಾಯಿಲೆ ಬಂದು ಗುಣವಾದವರು, ಮರುಕಳಿಸಿದರೆ ಏನು ಬೇಕು, ಏನು ಬೇಡ ಎಂದು ಮುಂಗಡ ನಿರ್ದೇಶನ ಬರೆದಿಡಬಹುದು. ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ಹೀಗೆ ರೋಗಿಯದೇ ಒಪ್ಪಿಗೆಯಿದ್ದು, ಔಷಧಿ ಸೋತಿದ್ದರೆ, ನಾನು ಇಸಿಟಿಯ ಪರ. ತೋಟದ ಲೈನ್ ಮನೆಯಲ್ಲಿ ನೆಂಟರಿಲ್ಲದೆ ದುಡಿಯುವ ಪರವೂರ ಕೂಲಿಗೆ ಮಾತ್ರ ಈ ದಾರಿ ದೂರ. ಅವನ ಪರವಾಗಿ ಮಾತಾಡಲು ಯಾರೂ ಸಿಗದಿದ್ದರೆ ಕಾನೂನು ಸಮಾಜ ಕಲ್ಯಾಣ ಇಲಾಖೆಯ ನಿರ್ದೇಶಕರ ಕಡೆ ಬೆರಳು ತೋರಿಸುತ್ತದೆ. ಅವನು ಹೇಗೆ ಬದುಕಲು ಬಯಸಿದ್ದನೆಂದು ತಿಳಿದಿರುವ ಸಾಧ್ಯತೆ, ಪಕ್ಕದ ಲೈನಿನಲ್ಲಿ ಇರುವ ಜೊತೆಗಾರನಿಗೇ ಹೆಚ್ಚು.