ಹಿರೇಹಾಳಿನ ಮಾಳಿಗೆ ಮನೆ

ಕಳೆದ ವೈಶಾಖದಲ್ಲಿ ಡಿ. ಹಿರೇಹಾಳಿನ ಬಂಧುಗಳೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಅಣ್ಣತಮ್ಮಂದಿರ ಭಾಗವಾಗಿದೆ, ಹಿರಿಯರ ಮಾಳಿಗೆ ಮನೆಯನ್ನು ಕೆಡವಿ ಕಾಂಕ್ರೀಟಿನ ಮನೆ ಕಟ್ಟುವುದೋ, ಉಳಿಸಿಕೊಳ್ಳುವುದೋ ಎಂಬುದು ಅವರ ಪ್ರಶ್ನೆ. ಮೊದಲು ಮನೆಯನ್ನು ನೋಡೋಣವೆಂದು ಅವರೊಡನೆ ಹೊರಟೆನು.

ರಾಯದುರ್ಗ ತಾಲ್ಲೂಕು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿತು. ಮನೆ ಕಟ್ಟುವ ಕ್ರಮಕ್ಕೆ ಆ ಗಡಿ ತಾಗಲಿಲ್ಲ. ನಮ್ಮ ಮಾಳಿಗೆಯೇ ತೆಲುಗು ನೆರೆಯವರ ಬಾಯಲ್ಲಿ ಮಿದ್ದೆ.

ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನಗಳ ಹಕ್ಕೆ; ಅಲ್ಲಿಂದ ಮೆಟ್ಟಿಲೇರಿದರೆ ಪಡಸಾಲೆ, ಅದರಾಚೆ ಅಡಿಗೆಮನೆ. ಎತ್ತು ಇರುಳಿನಲ್ಲಿ ಕೊರಳ ಗಂಟೆ ಅಲುಗಿಸಿದರೆ ಒಡೆಯನಿಗೆ ಎಚ್ಚರ. ಇದನ್ನು ಕಂಡು ನಗುವವರುಂಟು. ಇಂಗ್ಲೆಂಡಿನ ಡೆವನ್ ಪ್ರಾಂತದ ಹಳೆಯ ‘ಲಾಂಗ್‌ಹೌಸ್’ ಒಕ್ಕಲುಮನೆಗಳಲ್ಲಿಯೂ ಜನ, ದನ ಒಂದೇ ಬಾಗಿಲಿನಿಂದ ಹೊಕ್ಕು, ಜನ ಮೇಲ್ಭಾಗದಲ್ಲಿ, ದನ ಇಳಿಜಾರಿನ ಕೆಳಭಾಗದಲ್ಲಿ ಇರುತ್ತಿದ್ದುದುಂಟು. ಅಂತಹ ಅನೇಕ ಮನೆಗಳನ್ನು ಅಲ್ಲಿ ಕಾನೂನಿನ ಪಟ್ಟಿಗೆ ಸೇರಿಸಿ ಕಾಪಾಡಲಾಗಿದೆ.

ಮನೆಯ ಜೀವವೆಲ್ಲ ಮಾಳಿಗೆಯಲ್ಲಿದೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಅದರ ಮೇಲೆ ಕಟ್ಟಿಗೆಯ ಚಕ್ಕೆ, ಸೊಪ್ಪು, ಮಣ್ಣು. ಎಲ್ಲಕ್ಕೂ ಮೇಲೆ ಸವುಳು ಮಣ್ಣಿನ ಪದರ. ಬೆಳೆ ಏಳಗೊಡದ ಸವುಳನ್ನು ರೈತನು ಶಪಿಸುತ್ತಾನೆ. ಆದರೆ ಅದೇ ಕ್ಷಾರಗುಣದಿಂದ ಆ ಮಣ್ಣು ನೆನೆದಾಗ ಕಣಕಣವಾಗಿ ಬಿಡಿಸಿಕೊಂಡು ಸಂದುಗಳನ್ನು ಮುಚ್ಚುತ್ತದೆ. ನೀರು ಕೆಳಗಿಳಿಯದೆ ಹರನಾಳಿಯಿಂದ ಹೊರಬೀಳುತ್ತದೆ. ಮಳೆ ಕಡಮೆಯಾದ ಅನಂತಪುರ ಸೀಮೆಗೆ ತಕ್ಕ ಉಪಾಯ. ಹೊರಗೆ ನಡುಹಗಲು ಉರಿಯುತ್ತಿದ್ದರೂ ಪಡಸಾಲೆಯಲ್ಲಿ ಮನೆಯ ಅಜ್ಜಿಯವರು ಕಂಬಳಿ ಹಾಸಿಕೊಂಡು ನಿದ್ರಿಸುತ್ತಿದ್ದರು. ಬೆಳಕು ಮಾತ್ರ ಬೆಳಕಿಂಡಿಯಿಂದ ಇಳಿದಷ್ಟೆ. ಆ ಹೊಗೆಯಲ್ಲಿ ಕಣ್ಣು ಸವೆಸಿದ ಹೆಂಗಸರನ್ನು ಮರೆತು ಈ ಮನೆಯನ್ನು ಹೊಗಳಲಾರೆನು.

ತೊಡಕಿರುವುದು ಬೇರೆ ಕಡೆ. ಪ್ರತಿ ವರ್ಷ ಮಳೆಗೆ ಮುಂಚೆ ಯಾರಾದರೂ ಮಾಳಿಗೆಯೇರಿ ಹುಲ್ಲು ಕಿತ್ತು ಹೊಸ ಸವುಳು ಹರಡಬೇಕು. ಬೀಗ ಹಾಕಿದ ಮನೆ ಕೆಲವೇ ಮಳೆಗಾಲಗಳಲ್ಲಿ ಸೋರಿ, ಜಂತೆ ಕೊಳೆತು, ಮಾಳಿಗೆ ಕುಸಿಯುತ್ತದೆ. “ಏರುವವರು ಯಾರು?” ಎಂದು ಕೇಳಿದೆನು. ಬಂಧುಗಳು ಸುಮ್ಮನಾದರು, ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ.

ಹೊಸ ಮನೆ ಹಿತ್ತಲಿನಲ್ಲಿ ಏಳಲಿ, ಪಡಸಾಲೆಯಾದರೂ ಉಳಿಯಲಿ ಎಂದು ಹೇಳಿಬಂದೆನು. ಹೊರಡುವಾಗ ತೆಲುಗು ಶಾಲೆಗೆ ಹೋಗುವ ತಮ್ಮನ ಮಗಳನ್ನು ಕರೆದು ಕಂಬದ ತಲೆಯನ್ನು ತೋರಿಸಿ, “ಇದೇನಮ್ಮಾ?” ಎಂದೆನು. ಅವಳಿಗೆ ಗೊತ್ತಿರಲಿಲ್ಲ. ಅಜ್ಜಿಯವರು ಎದ್ದು ಕುಳಿತು, ಬೋದಿಗೆಯಿಂದ ಹರನಾಳಿಯವರೆಗೆ ಒಂದೊಂದನ್ನೂ ಅವಳ ಬಾಯಿಂದ ಹೇಳಿಸಿದರು.

ಮೃಗಶಿರೆಗೆ ಮೊದಲೇ ಒಂದು ಟ್ರ್ಯಾಕ್ಟರ್ ಸವುಳು ತರಿಸಿದರೆಂದು ಆಮೇಲೆ ಸುದ್ದಿ ಬಂತು. ತಮ್ಮನವರು ಮಾತ್ರ ಇನ್ನೂ ಒಪ್ಪಿಲ್ಲವಂತೆ.