ಬಾನಾಡಿ ಬೇಟೆಗಾರರ ಗುರುತು

ನಮ್ಮ ನಾಡಿನ ಕೆಲವು ದೇವಾಲಯಗಳಲ್ಲಿ ರಥೋತ್ಸವದ ದಿನ, ಆಗಸದಲ್ಲಿ ಗರುಡ ಕಾಣಿಸಿಕೊಂಡು ತೇರಿಗೆ ಪ್ರದಕ್ಷಿಣೆ ಹಾಕಿದ ಮೇಲೆಯೇ ಮಿಣಿಗೆ ಕೈಯಿಕ್ಕುವ ವಾಡಿಕೆಯುಂಟು. ಅದೇ ಬಾನಿನಲ್ಲಿ ಕರಿಹದ್ದುಗಳು ಹತ್ತಾರು ಸುತ್ತುತ್ತಿದ್ದರೂ ನೆರೆದವರು ಅವಕ್ಕೆ ಕೈಮುಗಿಯುವುದಿಲ್ಲ. ಶಿರಸ್ಸು, ಎದೆಗಳ ಧವಳವರ್ಣವನ್ನೂ ರೆಕ್ಕೆಯ ಕಾವಿಗೆಂಪನ್ನೂ ಅಷ್ಟು ಎತ್ತರದಲ್ಲಿಯೂ ಬೇರ್ಪಡಿಸಿ ಕಾಣುವ ದೃಷ್ಟಿ ನಮ್ಮ ಹಳ್ಳಿಗರಿಗೆ ಪರಂಪರೆಯಿಂದಲೇ ಬಂದಿದೆ. ಇಂತಹ ಕಣ್ಣುಳ್ಳ ಜನರು, ಉತ್ಸವ ಮುಗಿದ ಮರುದಿನ ತಮ್ಮ ಹೊಲದ ಮೇಲೆ ತೇಲುವ ಉಳಿದೆಲ್ಲ ದೊಡ್ಡ ಹಕ್ಕಿಗಳನ್ನೂ ಒಂದೇ ಗುಂಪಿಗೆ ಸೇರಿಸಿ, ಕೋಳಿಮರಿ ಕದ್ದ ಅಪರಾಧವನ್ನು ಅವೆಲ್ಲಕ್ಕೂ ಸಮನಾಗಿ ಹೊರಿಸುವುದು ನನಗೆ ಬಹುಕಾಲದಿಂದ ವ್ಯಥೆಯನ್ನುಂಟುಮಾಡಿರುವ ಸಂಗತಿ. ಬೇಟೆಹಕ್ಕಿಗಳನ್ನು ಒಂದರಿಂದೊಂದು ವಿಂಗಡಿಸುವ ವಿದ್ಯೆ ದುರ್ಬೀನು ಹಿಡಿದು ಪಟ್ಟಣದಿಂದ ಬರುವ ಹವ್ಯಾಸಿಗಳ ಸ್ವತ್ತಾಗಿ ಉಳಿಯದೆ, ಊರಿನ ಸಾಮಾನ್ಯ ಜ್ಞಾನವಾಗಬೇಕೆಂಬುದು ನನ್ನ ಅಭಿಮತ.

ಈ ವಿದ್ಯೆಯಲ್ಲಿ ಬಣ್ಣವನ್ನು ಮೊದಲು ನಂಬತಕ್ಕದ್ದಲ್ಲ. ಗರುಡನ ಮರಿಯೇ ಮೊದಲ ವರ್ಷ ಮಾಸಲು ಕಂದುಬಣ್ಣವನ್ನು ತಳೆದು ಕರಿಹದ್ದಿನಂತೆ ತೋರುವುದು; ಬಿಳಿ ರಣಹದ್ದಿನ ಮರಿಯಲ್ಲಿ ಬಿಳುಪಿನ ಸುಳಿವೇ ಇರದು; ದೊಡ್ಡ ಗಿಡುಗಗಳಿಗಂತೂ ಪ್ರೌಢವೇಷ ಬರುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಇದಕ್ಕಿಂತ ನಿಶ್ಚಿತವಾದ ಸಾಕ್ಷ್ಯವೆಂದರೆ ಬಾಲದ ಆಕಾರ ಮತ್ತು ರೆಕ್ಕೆ ಹಿಡಿಯುವ ರೀತಿ. ಕರಿಹದ್ದಿನ ಬಾಲ ತುದಿಯಲ್ಲಿ ಕವಲೊಡೆದಿರುತ್ತದೆ, ಗರುಡನದು ಎಳೆಯದರಲ್ಲಿಯೂ ಬೆಳೆದುದರಲ್ಲಿಯೂ ದುಂಡಾಗಿರುತ್ತದೆ. ಕರಿಹದ್ದು ಬಾಲವನ್ನು ಪೂರ್ತಿಯಾಗಿ ಬಿಚ್ಚಿದಾಗ ಆ ಕವಲು ಅಳಿಸಿಹೋದಂತೆ ಕಾಣುವುದರಿಂದ ಕ್ಷಣಕಾಲ ತಾಳಿ ನೋಡಬೇಕು. ತಿರುಗುವಾಗ ಅದು ದೋಣಿಯ ಚುಕ್ಕಾಣಿಯಂತೆ ಬಾಲವನ್ನು ಆ ಕಡೆ ಈ ಕಡೆ ಓರೆಯಾಗಿಸುತ್ತಲೇ ಇರುವುದರಿಂದ ಬಹಳ ಹೊತ್ತು ಗುಟ್ಟು ನಿಲ್ಲುವುದಿಲ್ಲ.

ಬಯಲುಸೀಮೆಯ ಕುರುಚಲು ನೆಲದ ಮೇಲೆ, ಎದುರುಗಾಳಿಗೆ ಮುಖವೊಡ್ಡಿ, ರೆಕ್ಕೆಗಳನ್ನು ಮೆಲ್ಲಗೆ ಬಡಿಯುತ್ತ, ಕೆಲವೊಮ್ಮೆ ಕಾಲುಗಳನ್ನು ಜೋಲಿಬಿಟ್ಟು, ಒಂದೇ ತಾಣದಲ್ಲಿ ನಿಂತುಬಿಡುವ ದೊಡ್ಡ ಹಕ್ಕಿಯೊಂದನ್ನು ಕುರಿ ಕಾಯುವವರೆಲ್ಲರೂ ನೋಡಿಯೇ ಇರುತ್ತಾರೆ. ಅದರ ಕೆಳಮೈ ಬೆಳ್ಳಗೆ, ತಲೆ ಗೂಬೆಯದರಂತೆ ದಪ್ಪ, ಕಣ್ಣು ಹಳದಿ, ಬಾಲದ ಅಡಿಯಲ್ಲಿ ಮೂರು ನಾಲ್ಕು ಮಸುಕಾದ ಅಡ್ಡಪಟ್ಟೆಗಳು. ನೆಲದಲ್ಲಿ ಏನೋ ಅಲುಗಿದುದನ್ನು ಕಂಡು ಅದು ಹಂತಹಂತವಾಗಿ ಕೆಳಗಿಳಿದು, ಕಡೆಯಲ್ಲಿ ರೆಕ್ಕೆ ಮಡಿಸಿ ಎರಗುವುದು. ಮತ್ತೆ ಮೇಲೇರುವಾಗ ಹಾವಿನ ಬಾಲ ಅದರ ಕೊಕ್ಕಿನಿಂದ ಇಳಿಬಿದ್ದಿರುವುದೂ ಉಂಟು. ಹಾವನ್ನೇ ಮುಖ್ಯ ಆಹಾರವಾಗಿ ನೆಚ್ಚಿದ ಈ ಗಿಡುಗದಿಂದ ಕೋಳಿಗೂಡಿಗೆ ಬರುವ ಅಪಾಯ ತೀರ ಅಲ್ಪ. ಆದರೂ ಮರಿ ಕಳೆದ ಮನೆಯವರ ಕೋಪಕ್ಕೆ ಮೊದಲು ಗುರಿಯಾಗುವುದು, ನಿಧಾನವಾಗಿ ನಿಂತು ಎಲ್ಲರ ಕಣ್ಣಿಗೂ ಬೀಳುವ ಇದೇ ಹಕ್ಕಿ. ಮಲೆನಾಡಿನ ಅಂಚಿನಲ್ಲಿ ಇದರ ಬಂಧುವಾದ ಪನ್ನಗಾರಿಯನ್ನು ರೆಕ್ಕೆಯಡಿಯ ಅಗಲವಾದ ಬಿಳಿಪಟ್ಟಿಯಿಂದಲೂ, ಕಾಡಿನ ಮೇಲಿಂದ ಕೇಳಿಬರುವ ಉದ್ದನೆಯ ಸಿಳ್ಳಿನಿಂದಲೂ ಸುಲಭವಾಗಿ ಅರಿಯಬಹುದು.

ಗುರುತಿಸದಿರುವುದರ ಫಲ ಎಷ್ಟು ದಾರುಣವಾಗಬಲ್ಲುದೆಂಬುದಕ್ಕೆ ರಣಹದ್ದುಗಳ ದುರ್ಗತಿಯೇ ನಿದರ್ಶನ. ಎರಡು ಮೀಟರಿಗೂ ಮಿಕ್ಕಿದ ರೆಕ್ಕೆಹರಹು, ತುದಿಯಲ್ಲಿ ಬೆರಳುಗಳಂತೆ ಬಿಡಿಬಿಡಿಯಾದ ಗರಿಗಳು, ಮೋಟುಬಾಲ, ಭುಜಗಳ ನಡುವೆ ಹುದುಗಿದ ಕತ್ತು, ಗಳಿಗೆಗಟ್ಟಲೆ ಒಮ್ಮೆಯೂ ರೆಕ್ಕೆ ಬಡಿಯದ ಗಂಭೀರ ಗಮನ: ಇಷ್ಟು ಲಕ್ಷಣಗಳುಳ್ಳ ಪಕ್ಷಿಯನ್ನು ಹದ್ದಿನೊಡನೆ ಬೆರೆಸುವುದಕ್ಕೆ ಕಾರಣವೇ ಇಲ್ಲ. ಆದರೂ 1992ರಿಂದ 2007ರವರೆಗಿನ ಅವಧಿಯಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳು ಸಾವಿರಕ್ಕೆ ಒಂದರಂತೆ ಉಳಿದುಕೊಂಡಾಗ, ಹಳ್ಳಿಯ ಆಕಾಶದಲ್ಲಿ ಕರಿಹದ್ದುಗಳು ಯಥಾಪ್ರಕಾರ ಸುತ್ತುತ್ತಿದ್ದುದರಿಂದಲೋ ಏನೋ, ಬಹುಪಾಲು ಊರುಗಳಲ್ಲಿ ಏನನ್ನೋ ಕಳೆದುಕೊಂಡೆವೆಂಬ ಕಳವಳವೇ ಹುಟ್ಟಲಿಲ್ಲ. ನೋವು ನಿವಾರಣೆಗಾಗಿ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧ, ಸತ್ತ ದನದ ಮಾಂಸದ ಮೂಲಕ ಹಕ್ಕಿಯ ದೇಹವನ್ನು ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತೆಂಬುದು 2004ರಲ್ಲಿ ಪ್ರಕಟವಾಗಿ, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆ ನಮ್ಮ ದೇಶದಲ್ಲಿ ನಿಷಿದ್ಧವಾಯಿತು. ಅಷ್ಟರಲ್ಲಿ ಅನರ್ಥದ ಬಹುಭಾಗ ನಡೆದುಹೋಗಿತ್ತು. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆಯಾದುದರಿಂದ ಹೋದುದು ಬೇಗ ಮರಳಿ ಬರಲಾರದು. ರಾಮನಗರದ ರಾಮದೇವರ ಬೆಟ್ಟವನ್ನು ಸರ್ಕಾರವು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿತು. ಅಲ್ಲಿಯ ಬಂಡೆಗಳ ಸಂದುಗಳನ್ನು ಆಶ್ರಯಿಸಿರುವ ಉದ್ದಕೊಕ್ಕಿನ ರಣಹದ್ದುಗಳು ಬೆರಳೆಣಿಕೆಯಷ್ಟು. ಆಹಾರಕ್ಕಾಗಿ ಅವು ದಿನವೊಂದರಲ್ಲಿ ಬಹುದೂರ ಹಾರಿಹೋಗುವುದರಿಂದ, ಧಾಮದ ಎಲ್ಲೆಯಾಚೆ ಅವು ಎಲ್ಲಿ ಇಳಿದವು, ಏನನ್ನು ತಿಂದವು ಎಂಬುದನ್ನು ಹೇಳಬಲ್ಲವರು ಸುತ್ತಣ ರೈತರೂ ಪಶುವೈದ್ಯರೂ ಮಾತ್ರವೇ. ಅವರು ಹಕ್ಕಿಯನ್ನು ಬಲ್ಲವರಾಗಿದ್ದರೆ ಮಾತ್ರ.

ಇದಕ್ಕೆ ಹೊಸ ಶಾಸನವಾಗಲಿ ಹೊಸ ಕಛೇರಿಯಾಗಲಿ ಬೇಕಾಗಿಲ್ಲ. 2002ರ ಜೀವವೈವಿಧ್ಯ ಅಧಿನಿಯಮದ ಮೇರೆಗೆ ಗ್ರಾಮ ಪಂಚಾಯಿತಿಗಳು ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ರಚಿಸಿ, ತಮ್ಮ ಎಲ್ಲೆಯೊಳಗಿನ ಜೀವಸಂಪತ್ತಿನ ದಾಖಲೆಯನ್ನು ಇಡಬೇಕಾಗಿದೆ. ಅದರಲ್ಲಿ ಬೇಟೆಹಕ್ಕಿಗಳಿಗೆಂದೇ ಒಂದು ಭಾಗವನ್ನು ಮೀಸಲಿಟ್ಟು, ಶಾಲೆಯ ಮಕ್ಕಳನ್ನೂ ಕುರಿಗಾಹಿಗಳನ್ನೂ ವಿಚಾರಿಸಿ, ಕಂಡ ದಿನ, ಸ್ಥಳ, ಬಾಲದ ಆಕಾರ, ರೆಕ್ಕೆಯ ನಿಲುವು, ಹಕ್ಕಿ ಮಾಡುತ್ತಿದ್ದ ಕೆಲಸ ಇವಿಷ್ಟನ್ನು ಬರೆದಿಟ್ಟರೆ ಸಾಕು. ಹೆಸರು ತಿಳಿಯದಿದ್ದಾಗ ಲಕ್ಷಣವನ್ನು ಬರೆದರೆ ಬಲ್ಲವರು ಮುಂದೆ ಹೆಸರಿಸಿಯಾರು. ಸತ್ತ ಹಕ್ಕಿ ಸಿಕ್ಕಲ್ಲಿ ಅದನ್ನು ಹೂಳುವ ಮುನ್ನ ಪಶುವೈದ್ಯರಿಗೂ ಅರಣ್ಯ ಇಲಾಖೆಗೂ ತಿಳಿಸುವ ಪರಿಪಾಠವನ್ನೂ ಇದರೊಡನೆಯೇ ಬೆಳೆಸಬೇಕು. ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿದು, ಹುಲ್ಲಿನ ಮೇಲೆ ಆಳೆತ್ತರದಲ್ಲಿ ತೇಲಿ ಮಿಡತೆಗಳನ್ನು ಹಿಡಿಯುವ ಸೆಳೆವಗಳು ಮಧ್ಯ ಏಷ್ಯದ ಕಡೆಯಿಂದ ಅಕ್ಟೋಬರಿನ ವೇಳೆಗೆ ನಮ್ಮ ಬಯಲುಗಳಿಗೆ ಬಂದು ಸೇರುತ್ತವೆ. ಆದುದರಿಂದ ಪಂಚಾಯಿತಿಗಳು ಈ ಬರವಣಿಗೆಯನ್ನು ಆ ತಿಂಗಳಿನಲ್ಲೇ ಆರಂಭಿಸುವುದು ಅನುಕೂಲ.