ಅವಳ ಗುಟ್ಟಿನ ಕಾವಲು ಯಾರದು?

ಗಂಡನ ಮನೆಯ ಹಿಂಸೆ ತಾಳಲಾರದೆ ಹೊರಬಂದ ಹೆಣ್ಣುಮಗಳು ನಮ್ಮ ಸಂಘಟನೆಗಳ ಬಾಗಿಲಿಗೆ ಬಂದಾಗ ಮೊದಲು ಕೇಳಿಕೊಳ್ಳುವುದು ಒಂದೇ ಮಾತು: “ನಾ ಇಲ್ಲಿಗೆ ಬಂದದ್ದು ಅವರಿಗೆ ಗೊತ್ತಾಗಬಾರದ್ರಿ.” ಅಫಜಲಪುರದಂಥ ಊರಿನಲ್ಲಿ ಈ ಮಾತಿಗೆ ತೂಕ ಹೆಚ್ಚು. ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳನ್ನು ಕಂಡವರಲ್ಲಿ ಯಾರೋ ಒಬ್ಬರು ಗಂಡನ ಕಡೆಯ ನೆಂಟರೇ ಆಗಿರುತ್ತಾರೆ. ಭೀಮೆಯ ಆಚೆ ಈಚೆ, ಅಕ್ಕಲಕೋಟ, ಸೊಲ್ಲಾಪುರದವರೆಗೂ ಬೀಗತನ ಹಬ್ಬಿದೆ. ಆದ್ದರಿಂದಲೇ ಯಾರ ಕಣ್ಣಿಗೂ ಬೀಳದೆ ಮೊಬೈಲಿನಲ್ಲೇ ದೂರು ಬರೆದು ಕಳಿಸುವ ಅನುಕೂಲ ದೊಡ್ಡದು. ಇಂದು ಅನೇಕ ಮಹಿಳಾ ಸಂಘಟನೆಗಳು, ಸಲಹಾ ಕೇಂದ್ರಗಳು ವೆಬ್‌ಸೈಟ್ ತೆರೆದು, ಹೆಸರು, ವಿಳಾಸ, ಫೋನ್ ನಂಬರ್, ಅನುಭವಿಸಿದ ಹಿಂಸೆಯ ವಿವರ ತುಂಬಿರೆಂದು ಕೇಳುತ್ತಿವೆ. ಹೀಗೆ ತುಂಬಿದ ಗುಟ್ಟು ಎಲ್ಲಿಗೆ ಹೋಗುತ್ತದೆ, ಅದರ ಕಾವಲು ಯಾರದು ಎಂಬ ಪ್ರಶ್ನೆಯನ್ನು ಚಳವಳಿ ಇನ್ನಾದರೂ ಎತ್ತಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ವೆಬ್‌ಸೈಟುಗಳನ್ನು ಈಗ ಬುಡದಿಂದ ಕಟ್ಟುವವರು ಕಡಿಮೆ. ವರ್ಡ್‌ಪ್ರೆಸ್, ಜೂಮ್ಲಾ, ಡ್ರುಪಲ್ ಎಂಬ ಸಿದ್ಧ ತಂತ್ರಾಂಶಗಳಿವೆ. ಅವುಗಳಿಗೆ ಪ್ಲಗಿನ್ ಎಂಬ ಬಿಡಿ ಸಾಮಾನುಗಳನ್ನು ಜೋಡಿಸಿ ನಾಲ್ಕು ದಿನದಲ್ಲಿ ವೆಬ್‌ಸೈಟ್ ನಿಲ್ಲಿಸುತ್ತಾರೆ. ಹೆಣ್ಣುಮಗಳು ತುಂಬಿದ ಅರ್ಜಿ ಹಿಂದುಗಡೆ ಡೇಟಾಬೇಸ್ ಎಂಬ ದಾಖಲೆಯ ಕಣಜ ಸೇರುತ್ತದೆ. ಆ ಕಣಜಕ್ಕೆ ಕನ್ನ ಹಾಕುವ ಒಂದು ಹಳೆಯ ಉಪಾಯಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಹೆಸರು.

ಅದು ನಡೆಯುವ ರೀತಿ ಹೀಗೆ. ಕಚೇರಿಯೊಂದರಲ್ಲಿ ಬರೆದಿದ್ದನ್ನೆಲ್ಲ ಅಪ್ಪಣೆಯೆಂದೇ ನಂಬುವ ಗುಮಾಸ್ತನಿದ್ದಾನೆಂದು ಭಾವಿಸಿ. ಅರ್ಜಿಯ ‘ಹೆಸರು’ ಎಂಬ ಜಾಗದಲ್ಲಿ ಒಬ್ಬ “ಶಾಂತವ್ವ, ಜೊತೆಗೆ ಆಲಮಾರಿಯಲ್ಲಿರುವ ಎಲ್ಲ ಅರ್ಜಿಗಳನ್ನೂ ನನ್ನ ಕೈಗೆ ಕೊಡತಕ್ಕದ್ದು” ಎಂದು ಬರೆಯುತ್ತಾನೆ. ಗುಮಾಸ್ತ ಅಷ್ಟನ್ನೂ ಹೆಸರೆಂದು ಓದದೆ, ಅರ್ಧವನ್ನು ಆಜ್ಞೆಯೆಂದು ಓದಿ ಆಲಮಾರಿಯನ್ನೇ ಒಪ್ಪಿಸಿಬಿಡುತ್ತಾನೆ. ಅಜಾಗರೂಕತೆಯಿಂದ ಬರೆದ ತಂತ್ರಾಂಶ ಮಾಡುವುದು ಇದನ್ನೇ. ಬೀಗ ಒಡೆಯುವ ಅಗತ್ಯವೇ ಬೀಳುವುದಿಲ್ಲ.

ಈ ದೋಷವನ್ನು 1998ರ ಡಿಸೆಂಬರಿನಲ್ಲೇ ‘ಫ್ರ್ಯಾಕ್’ ಎಂಬ ಪತ್ರಿಕೆಯ ಲೇಖನವೊಂದು ವಿವರಿಸಿತ್ತು. ಮದ್ದೂ ಗೊತ್ತಿರುವಂಥದ್ದೇ: ಆಜ್ಞೆಯನ್ನು ಮೊದಲೇ ಬರೆದಿಟ್ಟು, ಹೊರಗಿನವರು ತುಂಬಿದ್ದನ್ನು ಬರೀ ಮಾಹಿತಿಯೆಂದಷ್ಟೇ ಓದುವಂತೆ ಯಂತ್ರಕ್ಕೆ ಕಟ್ಟುಪಾಡು ಹಾಕುವುದು. ಆದರೂ ದೋಷ ಮರುಕಳಿಸುತ್ತಲೇ ಇದೆ. 2014ರ ಅಕ್ಟೋಬರ್ 15ರಂದು ಡ್ರುಪಲ್‌ನ 7ನೇ ಆವೃತ್ತಿಯಲ್ಲಿ, ಅದೂ ಇಂಥ ಕನ್ನವನ್ನು ತಡೆಯಲೆಂದೇ ಇದ್ದ ಭಾಗದಲ್ಲಿ, ಈ ದೋಷ ಪ್ರಕಟವಾಯಿತು. ಪ್ರಕಟಣೆಯಾದ ಏಳು ತಾಸಿನೊಳಗೆ ದುರಸ್ತಿ ಮಾಡಿಕೊಳ್ಳದ ವೆಬ್‌ಸೈಟುಗಳೆಲ್ಲ ಕಳ್ಳರ ಕೈಸೇರಿವೆಯೆಂದೇ ತಿಳಿಯಿರಿ ಎಂದು ಅದರ ನಿರ್ಮಾತೃಗಳೇ ಬಳಿಕ ಎಚ್ಚರಿಸಿದರು. 2022ರ ಜನವರಿಯಲ್ಲಿ ವರ್ಡ್‌ಪ್ರೆಸ್ ತನ್ನ ಮೂಲ ತಂತ್ರಾಂಶದಲ್ಲೇ ಇಂಥದೊಂದು ದೋಷವನ್ನು ಸರಿಪಡಿಸಿತು. 2024ರ ಮಾರ್ಚಿನಲ್ಲಿ, 10 ಲಕ್ಷಕ್ಕೂ ಹೆಚ್ಚು ವೆಬ್‌ಸೈಟುಗಳು ಬಳಸುತ್ತಿದ್ದ ಲೇಯರ್‌ಸ್ಲೈಡರ್ ಎಂಬ ಪ್ಲಗಿನ್‌ನ ಸರದಿ ಬಂತು. ಅದು ಪುಟದ ಚಿತ್ರಗಳನ್ನು ಸರಿಸಿ ತೋರಿಸುವ ಅಲಂಕಾರದ ಸಾಮಾನು. ಅಲಂಕಾರಕ್ಕೆ ತಂದದ್ದೇ ಕಣಜಕ್ಕೆ ದಾರಿಯಾಗಬಲ್ಲುದು.

ಮರೆತುಬಿಟ್ಟ ಹಳೆಯ ಪುಟ ಎಂಥ ಅನಾಹುತ ತರಬಲ್ಲುದೆಂಬುದಕ್ಕೆ ಇಂಗ್ಲೆಂಡಿನ ಟಾಕ್‌ಟಾಕ್ ಎಂಬ ದೂರವಾಣಿ ಕಂಪನಿ ಸಾಕ್ಷಿ. ಬೇರೊಂದು ಕಂಪನಿಯನ್ನು ಕೊಂಡಾಗ ಅದರೊಡನೆ ಬಂದ ಹಳೆಯ ಪುಟಗಳ ಮೂಲಕ 2015ರಲ್ಲಿ 1,56,959 ಗ್ರಾಹಕರ ಮಾಹಿತಿ ಇದೇ ಉಪಾಯದಿಂದ ಕಳುವಾಯಿತು. ಮರುವರ್ಷ ಕಂಪನಿಗೆ 4 ಲಕ್ಷ ಪೌಂಡ್ ದಂಡ ಬಿತ್ತು. ಆ ದೋಷವನ್ನು ಹುಡುಕಿದ್ದಾಗಿ ನ್ಯಾಯಾಲಯದಲ್ಲಿ ಒಪ್ಪಿಕೊಂಡವನಿಗೆ ಆಗ 17 ವರ್ಷ. ದೋಷ ಹುಡುಕುವ ಸಾಧನಗಳು ಇಂದು ಪುಕ್ಕಟೆ ಸಿಗುತ್ತವೆ. ಇದನ್ನು ದೊಡ್ಡ ವಿದ್ವಾಂಸರಷ್ಟೇ ಮಾಡಬಲ್ಲರೆಂದು ನಾವು ನಿಶ್ಚಿಂತೆಯಿಂದ ಇರುವಂತಿಲ್ಲ.

ನಮಗೆ ಇನ್ನೂ ಹತ್ತಿರದ ಸಂಗತಿಯಿದೆ. ವಧೂವರರ ವೆಬ್‌ಸೈಟ್ ಕಟ್ಟಲು ಮಾರುವ ಸಿದ್ಧ ತಂತ್ರಾಂಶಗಳಲ್ಲೂ ಈ ದೋಷ ಇರುವುದು 2017ರಲ್ಲಿ ಬಹಿರಂಗವಾಯಿತು. ಮಗಳ ಫೋಟೊ, ವಯಸ್ಸು, ಸಂಬಳ, ಜಾತಿ, ತಂದೆಯ ಉದ್ಯೋಗ, ಮನೆಯ ವಿಳಾಸ ಎಲ್ಲವನ್ನೂ ತಂದೆತಾಯಿ ನಂಬಿ ತುಂಬುವ ಜಾಗವದು. ಯಾವ ಮನೆಯಿಂದ ಎಷ್ಟು ವರೋಪಚಾರ ಹಿಂಡಬಹುದೆಂದು ಲೆಕ್ಕ ಹಾಕುವವರಿಗೂ, ಮದುವೆಯ ಆಸೆ ತೋರಿಸಿ ದುಡ್ಡು ಲಪಟಾಯಿಸುವವರಿಗೂ ಇದಕ್ಕಿಂತ ಒಳ್ಳೆಯ ಪಟ್ಟಿ ಬೇಕೆ? ವಂಚನೆ ತಡೆಯಲು ಕೇಂದ್ರ ಸರ್ಕಾರ 2016ರ ಜೂನ್‌ನಲ್ಲಿ ಈ ವೆಬ್‌ಸೈಟುಗಳಿಗೆ ಸಲಹಾ ಸೂಚನೆ ಹೊರಡಿಸಿತು. ಆದರೆ ಕಣಜವೇ ತೂತಾಗಿದ್ದರೆ ಬಾಗಿಲಲ್ಲಿ ನಿಂತು ಗುರುತಿನ ಚೀಟಿ ಕೇಳಿ ಪ್ರಯೋಜನವೇನು?

ಕಂಪನಿಗೆ ಇದು ದಂಡದ, ಮರ್ಯಾದೆಯ ಪ್ರಶ್ನೆ. ಹಿಂಸೆಯಿಂದ ಓಡಿಬಂದವಳಿಗೆ ಪ್ರಾಣದ ಪ್ರಶ್ನೆ. ಬ್ಯಾಂಕಿನ ಕಾರ್ಡು ಕಳೆದರೆ ಬೇರೆ ಕಾರ್ಡು ಪಡೆಯಬಹುದು. ಅಡಗಿರುವ ಅಕ್ಕನ ಮನೆಯ ವಿಳಾಸ ಗಂಡನಿಗೆ ತಿಳಿದರೆ ಅವಳು ಮತ್ತೆಲ್ಲಿಗೆ ಹೋಗಬೇಕು? ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು. ಅದರ 2006ರ ನಿಯಮಗಳು, ನೊಂದ ಮಹಿಳೆ ಬಯಸಿದರೆ ಆಶ್ರಯಧಾಮವು ಅವಳ ಗುರುತನ್ನು ಬಹಿರಂಗಪಡಿಸಬಾರದು, ಅವಳು ಯಾರ ಮೇಲೆ ದೂರಿತ್ತಿದ್ದಾಳೋ ಅವನಿಗೂ ತಿಳಿಸಬಾರದು ಎಂದು ಸ್ಪಷ್ಟವಾಗಿ ಹೇಳುತ್ತವೆ. ಬಾಯಿ ಬಿಡದಿರುವುದರಿಂದ ಮಾತ್ರ ಈ ಮಾತು ಉಳಿಯುವುದಿಲ್ಲ. ಕಂಪ್ಯೂಟರಿನ ಬಾಯಿಯನ್ನೂ ಕಟ್ಟಬೇಕಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿಗೆ ತಕ್ಕ ರಕ್ಷಣೆ ಒದಗಿಸದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶ ಮಾಡಿದೆ. ಆದರೆ ದಂಡ ಬೀಳುವುದು ಗುಟ್ಟು ಹೊರಬಿದ್ದ ಮೇಲೆ. 1961ರಿಂದ ವರದಕ್ಷಿಣೆ ನಿಷೇಧ ಕಾಯ್ದೆಯ ಗತಿಯನ್ನು ಕಂಡಿರುವ ನಾವು ಕಾನೂನೊಂದನ್ನೇ ನಂಬಿ ಕೂರಲಾರೆವು.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದಾಗಿ, ಅಗತ್ಯವಿಲ್ಲದ್ದನ್ನು ಕೇಳಬಾರದು. ಕರೆ ಮಾಡಲು ಕ್ಷೇಮವಾದ ಒಂದು ನಂಬರು, ಕ್ಷೇಮವಾದ ಒಂದು ಹೊತ್ತು ಸಾಕು. ಹಿಂಸೆಯ ಕಥೆಯನ್ನು ಎದುರು ಕೂತು ಕೇಳೋಣ. ಕಣಜದಲ್ಲಿ ಇಲ್ಲದ್ದನ್ನು ಯಾರೂ ಕದಿಯಲಾರರು. ಎರಡನೆಯದಾಗಿ, ಪ್ರಕರಣಗಳ ದಾಖಲೆಯನ್ನು ವೆಬ್‌ಸೈಟಿನ ಡೇಟಾಬೇಸಿನಲ್ಲಿ ಇಡಲೇಬಾರದು. ಬಂದ ಅರ್ಜಿಯನ್ನು ಪ್ರತ್ಯೇಕವಾಗಿ ತೆಗೆದಿಟ್ಟುಕೊಂಡು ಅಲ್ಲಿಂದ ಅಳಿಸಿಹಾಕಬೇಕು. ಮೂರನೆಯದಾಗಿ, ತಂತ್ರಾಂಶದ ಹೊಸ ಆವೃತ್ತಿ ಬಂದ ದಿನವೇ ಹಾಕುವ ಹೊಣೆ ಒಬ್ಬರದೆಂದು ಗೊತ್ತುಮಾಡಬೇಕು; ಬಳಸದ ಪ್ಲಗಿನ್, ಹಳೆಯ ಪುಟಗಳನ್ನು ಕಿತ್ತುಹಾಕಬೇಕು. ವೆಬ್‌ಸೈಟ್ ಕಟ್ಟಿಕೊಟ್ಟ ಹುಡುಗ ಹಣ ಪಡೆದು ಹೋದ ಮೇಲೆ ಕೇಳುವವರೇ ಇಲ್ಲದಂತಾಗಬಾರದು. ಪ್ರತಿ ವರ್ಷ ಲೆಕ್ಕಪತ್ರ ತಪಾಸಣೆ ಮಾಡಿಸುವಂತೆ ಇದನ್ನೂ ತಿಳಿದವರಿಂದ ತಪಾಸಣೆ ಮಾಡಿಸೋಣ. ಕೊನೆಯದಾಗಿ, ಮಾಹಿತಿ ಸೋರಿದ್ದು ತಿಳಿದರೆ ಸಂಸ್ಥೆಯ ಹೆಸರಿಗೆ ಅಂಜಿ ಮುಚ್ಚಿಡದೆ, ಮೊದಲು ಆ ಹೆಣ್ಣುಮಗಳಿಗೇ ತಿಳಿಸಬೇಕು. ಜಾಗ ಬದಲಿಸಲು ಅವಳಿಗೆ ಸಿಗುವ ಒಂದು ದಿನವೂ ದೊಡ್ಡದು.

ಸರ್ಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆಯನ್ನೂ, ಸಖಿ ಕೇಂದ್ರಗಳನ್ನೂ ಇದೇ ಪ್ರಶ್ನೆಗಳನ್ನು ಲಿಖಿತವಾಗಿ ಕೇಳಬೇಕೆಂದು ತಾಲ್ಲೂಕು ಘಟಕಗಳನ್ನು ಒತ್ತಾಯಿಸುತ್ತೇನೆ. “ಅದು ಕಂಪ್ಯೂಟರಿನವರ ಕೆಲಸ” ಎಂಬ ಉತ್ತರವನ್ನು ಒಪ್ಪಬೇಡಿ. ಹೊಡೆತ ಬಡಿತವನ್ನು “ಅದು ಅವರ ಮನೆಯ ವಿಷಯ” ಎಂದು ಸಮಾಜ ತಳ್ಳಿಹಾಕುತ್ತಿದ್ದಾಗ ನಾವು ಒಪ್ಪಿರಲಿಲ್ಲ. ಅವಳು ನಂಬಿ ಕೊಟ್ಟದ್ದು ನಮಗೆ. ಉತ್ತರ ಹೇಳಬೇಕಾದವರೂ ನಾವೇ.